ಸಕ್ಕರೆ ಬಿಟ್ಟು ಜೇನು ಹಿಡಿದ ಎಂಟು ತಿಂಗಳು

ಹೋದ ಸೋಮವಾರ ಮಂಡ್ಯದ ಲ್ಯಾಬಿನಿಂದ ಮೊಬೈಲಿಗೆ ರಿಪೋರ್ಟ್ ಬಂತು. ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 7.0. ದೀಪಾವಳಿ ಹೊತ್ತಿಗೆ ಅದು 8.3 ಇತ್ತು. ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹನ್ನೊಂದು ಜನರಿದ್ದೇವೆ, ನಾಲ್ವರಿಗೆ ಶುಗರ್. ಆ ನಾಲ್ವರಲ್ಲಿ ಮೂವರ ಮನೆಯಲ್ಲಿ ಜೇನಿನ ಬಾಟಲಿ ಇದೆ. "ಸಕ್ಕರೆ ಮುಟ್ಟಲ್ಲ ಮೇಡಂ, ಜೇನುತುಪ್ಪ ಅಷ್ಟೇ" ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಾಗೆ ಹೇಳಿಕೊಂಡು ತಿರುಗಿದವರಲ್ಲಿ ಮೊದಲನೆಯವಳು ನಾನೇ ಆದ್ದರಿಂದ, ನಡೆದದ್ದನ್ನು ಬರೆದು ಅವರ ಕೈಗೆ ಕೊಡೋಣ ಅಂತ ಕೂತಿದ್ದೇನೆ.

ನನಗೆ 53. ಪಾಠ ಮಾಡುವುದು ವಿಜ್ಞಾನ. ಇದನ್ನು ಹೇಳಿಕೊಳ್ಳಲು ಈಗ ಸ್ವಲ್ಪ ನಾಚಿಕೆಯಾಗುತ್ತದೆ.

ಕಾಯಿಲೆ ಗೊತ್ತಾದದ್ದು ಕಳೆದ ಯುಗಾದಿಗೆ ಮುಂಚೆ. ಆರು ತಿಂಗಳಲ್ಲಿ ಕನ್ನಡಕದ ನಂಬರ್ ಎರಡು ಸಲ ಬದಲಾಯಿತು. ಕಣ್ಣಿನ ಡಾಕ್ಟರೇ "ಒಂದ್ಸಲ ಶುಗರ್ ನೋಡಿಸ್ಕೊಂಡು ಬನ್ನಿ" ಅಂದರು. ಖಾಲಿ ಹೊಟ್ಟೆಯಲ್ಲಿ 148, ಎಚ್‌ಬಿಎ1ಸಿ 7.4. ಈ ಎರಡನೇದು ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ, 5.7ರಿಂದ 6.4ರವರೆಗೆ ಬಂದರೆ ಅಂಚಿನಲ್ಲಿ ನಿಂತಿದ್ದೀರಿ ಅಂತ. ಮೆಟ್‌ಫಾರ್ಮಿನ್ 500 ಮಾತ್ರೆ ದಿನಕ್ಕೆರಡು, ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ, ಸಕ್ಕರೆ ಬೆಲ್ಲ ಬಂದ್ ಅಂದರು. ನಾನು ಹುಟ್ಟಿದ ಮನೆಯಲ್ಲಿ ಆಲೆಮನೆ ಇತ್ತು. ಕೊಪ್ಪರಿಗೆ ಅಂಚಿಗೆ ಮೆತ್ತಿದ ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯಲ್ಲಿ ಬಳಿದು ತಿಂದು ಬೆಳೆದ ಜೀವ. ಆದರೂ ಹಟ ಹಿಡಿದು ಬಿಟ್ಟೆ. ದಿನಕ್ಕೆ ಎರಡು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದೆ, ಅದೂ ನಿಂತಿತು. ಜುಲೈನಲ್ಲಿ 6.9 ಬಂದಾಗ ನಮ್ಮೆಜಮಾನರು ಸ್ವೀಟ್ ತರಲು ಹೊರಟಿದ್ದರು, ಅಭ್ಯಾಸಬಲ.

ಅದೇ ಆಷಾಢದಲ್ಲಿ ಯಳಂದೂರಿನಿಂದ ಅತ್ತಿಗೆ ಬಂದರು. ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಿ, ಶನಿವಾರ ನಮ್ಮನೆ. ಕೈಯಲ್ಲಿ ಜೇನಿನ ಬಾಟಲಿಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಳಿಸಿದ ಹೆಜ್ಜೇನು, ಕಪ್ಪಗೆ, ಸ್ವಲ್ಪ ತೆಳ್ಳಗೆ, ಮುಚ್ಚಳ ತೆಗೆದರೆ ಕಾಡಿನ ಹೂವಿನ ಘಮ. "ಇದು ಕಾಡ್ ಜೇನು ಕಣವ್ವ, ಅಂಗಡೀದಲ್ಲ. ಸುಗರ್‌ನೋರೂ ತಿನ್ಬೋದು, ಏನೂ ಆಗಕಿಲ್ಲ. ಬಿಸ್ನೀರ್‌ಗೆ ನಿಂಬೆಹಣ್ಣು ಹಿಂಡ್ಕೊಂಡು ಕುಡಿ, ಮೈಯೂ ಇಳೀತದೆ" ಅಂದರು. ಮೈ ಇಳಿಯುತ್ತದೆ ಅನ್ನುವ ಮಾತಿಗೆ ಸೋತೆ. ಮಾರನೇ ದಿನದಿಂದಲೇ ಶುರು. ಎದ್ದ ಕೂಡಲೇ ಒಂದು ಲೋಟ ಉಗುರುಬೆಚ್ಚಗಿನ ನೀರು, ಅರ್ಧ ನಿಂಬೆಹಣ್ಣು, ಎರಡು ಚಮಚ ಜೇನು. ಚಮಚ ಅಂದರೆ ನಮ್ಮನೆಯ ಸ್ಟೀಲ್ ಡಬ್ಬದ ದೊಡ್ಡ ಚಮಚ, ಅವ್ವನ ಕಾಲದ್ದು. ಆ ಚಮಚದ ಕಥೆ ಮುಂದೆ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಅದನ್ನು ಸಿಹಿ ಅಂತ ಕುಡಿಯುತ್ತಿರಲಿಲ್ಲ, ಔಷಧಿ ಅಂತ ಕುಡಿಯುತ್ತಿದ್ದೆ. ತಿಂಡಿ ತಟ್ಟೆಗೆ ಬಂದದ್ದಕ್ಕೆಲ್ಲ ಮನಸ್ಸಿನಲ್ಲಿ ಲೆಕ್ಕ ಇಡುತ್ತಿದ್ದೆ. ಈ ಲೋಟ ಮಾತ್ರ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ.

ಮಳೆಗಾಲ ಹಿಡಿದು ನಡಿಗೆ ತಪ್ಪಿತು. ದಸರಾದಲ್ಲಿ ಮೈಸೂರಿನ ಮಗಳ ಮನೆಗೆ ಹೋಗಿ ಎರಡು ದಿನ ಇದ್ದೆ, ಒಂದು ತುಂಡು ಮೈಸೂರ್‌ಪಾಕ್ ಬಾಯಿಗೆ ಬಿತ್ತು. ಎಲ್ಲಾ ತಪ್ಪನ್ನೂ ಜೇನಿನ ತಲೆಗೆ ಕಟ್ಟುವುದಿಲ್ಲ. ದೀಪಾವಳಿ ಹೊತ್ತಿಗೆ ಮಧ್ಯಾಹ್ನ ಕ್ಲಾಸಿನಲ್ಲಿ ನಿದ್ದೆ ಎಳೆಯುತ್ತಿತ್ತು, ರಾತ್ರಿ ಮೂರು ಸಲ ಬಚ್ಚಲಿಗೆ ಎದ್ದು ಹೋಗುತ್ತಿದ್ದೆ. ಟೆಸ್ಟ್ ಮಾಡಿಸಿದರೆ 8.3. ಅಂದರೆ ದಿನದ ಸರಾಸರಿ 190ರ ಆಚೀಚೆ.

ಡಾಕ್ಟರ ಹತ್ತಿರ ಎರಡೂವರೆ ಗಂಟೆ ಕಾದೆ, ಒಳಗೆ ಇದ್ದದ್ದು ಐದು ನಿಮಿಷ. "ಸ್ವೀಟ್ ಜಾಸ್ತಿ ಆಯ್ತಾ?" ಅಂದರು. "ಇಲ್ಲ ಡಾಕ್ಟ್ರೇ, ಕಾಫಿಗೂ ಸಕ್ಕರೆ ಹಾಕಲ್ಲ" ಅಂದೆ. ಸುಳ್ಳು ಹೇಳಿದೆ ಅನ್ನಿಸಲೇ ಇಲ್ಲ. ಅವರು ಬೆಳಗಿನ ಮಾತ್ರೆ ಬದಲಿಸಿ, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ (ಹೊಟ್ಟೆ ಖಾಲಿಯಿದ್ದರೂ ಶುಗರ್ ಇಳಿಸುವ ಔಷಧಿ) ಇರುವುದನ್ನು ಬರೆದರು. ತಿಂಡಿಯ ಜೊತೆ ತಗೊಳ್ಳಿ ಅಂದರು. ಆ "ತಿಂಡಿಯ ಜೊತೆ" ಎಷ್ಟು ಮುಖ್ಯ ಅಂತ ಆಗ ಗೊತ್ತಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಮೊದಲು ಅನುಮಾನ ಬಂದದ್ದು ನಮ್ಮೆಜಮಾನರಿಗೆ. ಆದರೆ ಅನುಮಾನ ಹೋದ ದಾರಿಯೇ ಬೇರೆ. "ಈ ಜೇನು ಕಲಬೆರಕೆ. ಬೆಲ್ಲದ ಪಾಕ ಬೆರೆಸವ್ರೆ. ಅಸಲಿಯಾಗಿದ್ರೆ ಶುಗರ್ ಏರ್ತಾ ಇರ್ಲಿಲ್ಲ" ಅಂತ ಪರೀಕ್ಷೆಗಿಳಿದರು. ಗಾಜಿನ ಲೋಟದ ನೀರಿಗೆ ಒಂದು ತೊಟ್ಟು ಬಿಟ್ಟರು, ತಳಕ್ಕೆ ಹೋಗಿ ಕೂತಿತು. ಬೆಂಕಿಕಡ್ಡಿ ಅದ್ದಿ ಗೀರಿದರು, ಮೂರನೇ ಕಡ್ಡಿ ಹತ್ತಿಕೊಂಡಿತು. ಹಾಗಾದರೆ ಅಸಲಿಯೋ ನಕಲಿಯೋ ಅಂತ ತೀರ್ಮಾನವಾಗದೆ ಅಡುಗೆಮನೆಯೆಲ್ಲ ಅಂಟಂಟು. ಈ ಮನೆ ಪರೀಕ್ಷೆಗಳಿಂದ ಏನೂ ಗೊತ್ತಾಗುವುದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ಸಿಎಸ್‌ಇ (ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್) ಸಂಸ್ಥೆ ಬ್ರಾಂಡೆಡ್ ಜೇನಿನಲ್ಲೂ ಸಕ್ಕರೆ ಪಾಕ ಬೆರಕೆಯಾಗುತ್ತಿದೆ ಅಂತ ಹೊರಗೆಡವಿತ್ತು. ಆಗ ಅವರು ಮಾದರಿಗಳನ್ನು ಜರ್ಮನಿಯ ಲ್ಯಾಬಿಗೆ ಕಳಿಸಿ ಎನ್‌ಎಂಆರ್ ಅನ್ನುವ ದೊಡ್ಡ ಯಂತ್ರದ ಪರೀಕ್ಷೆ ಮಾಡಿಸಬೇಕಾಯಿತು. ಅಂಥದ್ದನ್ನು ಬೆಂಕಿಕಡ್ಡಿಯಲ್ಲಿ ಕಂಡುಹಿಡಿಯಲು ಹೊರಟಿದ್ದೆವು ನಾವು! ಜೇನು ಹರಳುಗಟ್ಟಿದರೆ ನಕಲಿ ಅನ್ನುವುದೂ ಹಾಗೆಯೇ. ಅಸಲಿ ಜೇನೂ ಚಳಿಗೆ ಹರಳುಗಟ್ಟುತ್ತದೆ.

ಅಷ್ಟರಲ್ಲಿ ಮಗಳು ಗ್ಲೂಕೋಮೀಟರ್ ತರಿಸಿಕೊಟ್ಟಳು. 25 ಸ್ಟ್ರಿಪ್ ಸೇರಿ 1,150 ರೂಪಾಯಿ ಬಿತ್ತು. ಮೊದಲ ದಿನವೇ ಗಾಬರಿ. ಬೆಳಿಗ್ಗೆ ಜೇನುನೀರು ಕಲಸಿ, ಹಾಗೇ ಕೂತು ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿ ಸ್ಟ್ರಿಪ್ಪಿಗೆ ಮುಟ್ಟಿಸಿದೆ. ಐದು ಸೆಕೆಂಡಿಗೆ ಪರದೆ ಮೇಲೆ 412. ಇನ್ನೂ ನೀರು ಕುಡಿದೇ ಇಲ್ಲ! ಎದೆ ಢವಢವ. ನಮ್ಮೆಜಮಾನರು ಆಟೋ ಕರೆಯಲು ಚಪ್ಪಲಿ ಮೆಟ್ಟಿಯೂ ಆಗಿತ್ತು. ಮಗಳಿಗೆ ಫೋನ್ ಮಾಡಿದರೆ, "ಅಮ್ಮ, ಕೈ ತೊಳ್ಕೊಂಡ್ಯಾ?" ಅಂತ ಕೇಳಿದಳು. ನೋಡಿಕೊಂಡೆ. ಚಮಚದಿಂದ ಇಳಿದ ಜೇನಿನ ತೆಳು ಪದರ ತೋರುಬೆರಳ ತುದಿಯಲ್ಲಿ ಮಿರಮಿರ ಅನ್ನುತ್ತಿತ್ತು. ಸೋಪು ಹಾಕಿ ತೊಳೆದು, ಒರೆಸಿ, ಬೇರೆ ಬೆರಳಿಗೆ ಚುಚ್ಚಿದಾಗ 136.

ಮೀಟರ್ ಹೊಸದಾಗಿ ಕೊಂಡವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಬೆರಳಲ್ಲಿ ಜೇನು, ಹಣ್ಣಿನ ರಸ ಏನಿದ್ದರೂ ಆ ಸಕ್ಕರೆ ರಕ್ತದ ಹನಿಗೆ ಸೇರಿ ಸುಳ್ಳು ಲೆಕ್ಕ ಕೊಡುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ಸೋಪು ನೀರಿನಲ್ಲೇ ತೊಳೆದು ಪೂರ್ತಿ ಒಣಗಿಸಿ. ಬೆರಳ ತುದಿಗಿಂತ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ, ಮಾರನೇ ದಿನ ಚಾಕ್‌ಪೀಸ್ ಹಿಡಿಯಲೂ ತೊಂದರೆ ಇಲ್ಲ. ಸ್ಟ್ರಿಪ್ ಡಬ್ಬದ ಮುಚ್ಚಳ ತೆರೆದಿಡಬೇಡಿ, ತೇವ ತಗುಲಿದರೆ ಹಾಳು.

ಆಮೇಲೆ ಮೇಷ್ಟರ ಬುದ್ಧಿ ಜಾಗೃತವಾಯಿತು. ಒಂದು ಭಾನುವಾರ ತಿಂಡಿ, ಮಾತ್ರೆ ಎರಡನ್ನೂ ಎರಡು ಗಂಟೆ ಮುಂದಕ್ಕೆ ಹಾಕಿ, ಬರೀ ಜೇನುನೀರು ಕುಡಿದು ನೋಡಿದೆ. ಖಾಲಿ ಹೊಟ್ಟೆಯಲ್ಲಿ 132, ಒಂದು ಗಂಟೆಗೆ 221, ಎರಡು ಗಂಟೆಗೆ 178. ಸೋಮವಾರ ಸ್ಥಳೀಯ ರಜೆ ಇತ್ತು, ಅವತ್ತು ಬರೀ ನಿಂಬೆಹಣ್ಣಿನ ನೀರು. 129, ಒಂದು ಗಂಟೆಗೆ 134. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಅಕ್ಕಪಕ್ಕ ಬರೆದು ಸುಮಾರು ಹೊತ್ತು ನೋಡುತ್ತಾ ಕೂತೆ. ನಮ್ಮೆಜಮಾನರು ಮಾತ್ರ "ಅದೇ ಹೇಳಿದ್ದು, ಕಲಬೆರಕೆ" ಅಂದರು.

ಅವತ್ತೇ ಜೇನು ನಿಲ್ಲಿಸಿದೆ. ನಿಲ್ಲಿಸಿದ್ದು ಸರಿ, ಡಾಕ್ಟರಿಗೆ ಹೇಳದೆ ನಿಲ್ಲಿಸಿದ್ದು ತಪ್ಪು. ಮಾತ್ರೆ ಜಾಸ್ತಿ ಮಾಡಿದ್ದು ಜೇನು ಕುಡಿಯುತ್ತಿದ್ದ ಮೈಯ ಲೆಕ್ಕ ನೋಡಿ. ಈಗ ಜೇನು ಹೋಯಿತು, ಮಾತ್ರೆ ಉಳಿಯಿತು. ಮುಂದಿನ ಎರಡು ವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ಸಣ್ಣಗೆ ನಡುಗುವುದು, ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗುವುದು. ಹಸಿವು ಅಂದುಕೊಂಡೆ.

ಮಗಳ ಒತ್ತಾಯಕ್ಕೆ ಡಿಸೆಂಬರಿನಲ್ಲಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟಿಷಿಯನ್ ಮತ್ತು ಫಿಸಿಷಿಯನ್ ಇಬ್ಬರನ್ನೂ ನೋಡುವುದಾಯಿತು. ಫೋನಿನಲ್ಲಿ ಹೇಳಿದ್ದು: ಹಳೇ ರಿಪೋರ್ಟ್ ಎಲ್ಲ ತನ್ನಿ, ಮಾತ್ರೆ ಸ್ಟ್ರಿಪ್ ತನ್ನಿ, ಮೂರು ದಿನ ತಿಂದದ್ದನ್ನೆಲ್ಲ ಬರೆದು ತನ್ನಿ, ಮನೆಯಲ್ಲಿ ಬಳಸುವ ಲೋಟ ಚಮಚ ತನ್ನಿ, ಖಾಲಿ ಹೊಟ್ಟೆಯಲ್ಲಿ ಬನ್ನಿ. ಚಮಚ ಯಾಕೆ ಅಂತ ನಗು ಬಂತು. ಚಮಚದ ಜೊತೆಗೆ, ಕಲಬೆರಕೆ ಹೌದೋ ಅಲ್ಲವೋ ಅವರನ್ನೇ ಕೇಳೋಣ ಅಂತ ಮುಕ್ಕಾಲು ಖಾಲಿಯಾದ ಜೇನಿನ ಬಾಟಲಿಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡೆ.

ಬೆಳಗಿನ ರೈಲು. ಹೊರಡುವ ಗಡಿಬಿಡಿಯಲ್ಲಿ ಅಭ್ಯಾಸದಂತೆ ಮಾತ್ರೆ ನುಂಗಿದೆ. ಹೊಟ್ಟೆಗೆ ಏನೂ ಇಲ್ಲ. ಆಸ್ಪತ್ರೆ ತಲುಪಿದಾಗ ಎಂಟೂವರೆ, ಟೋಕನ್ 34, ಕರೆಯುತ್ತಿದ್ದದ್ದು 11. ಮಗಳು ಪಕ್ಕದಲ್ಲಿ ಕೂತಿದ್ದಳು. ಒಂಬತ್ತೂ ಮುಕ್ಕಾಲಿಗೆ, ಆ ಡಿಸೆಂಬರ್ ಚಳಿಯಲ್ಲಿ, ನನ್ನ ರವಿಕೆ ಬೆನ್ನೆಲ್ಲ ಬೆವರಿಗೆ ತೊಯ್ದುಹೋಗಿತ್ತು. ಎದುರಿನ ಬೋರ್ಡಿನ ಕೆಂಪು ನಂಬರ್ ಎರಡೆರಡಾಗಿ ಕಾಣುತ್ತಿತ್ತು. ಮಗಳು ಏನೋ ಕೇಳಿದಳು, ಉತ್ತರ ಗೊತ್ತಿದೆ, ನಾಲಿಗೆ ತಿರುಗುತ್ತಿಲ್ಲ. ಅವಳು ಎದ್ದು ಓಡಿ ನರ್ಸನ್ನು ಕರೆತಂದಳು. ಬೆರಳು ಚುಚ್ಚಿದರು, 56. "ಬೆಳಿಗ್ಗೆ ಮಾತ್ರೆ ತಗೊಂಡ್ರಾ ಆಂಟಿ? ಸಕ್ಕರೆ, ಜ್ಯೂಸ್ ಏನಾದ್ರೂ ಇದ್ಯಾ?" ಕ್ಯಾಂಟೀನ್ ಕೆಳಗಡೆ ಇನ್ನೊಂದು ಬ್ಲಾಕಿನಲ್ಲಿ. ನಾನು ಚೀಲದ ಕಡೆ ಕೈ ತೋರಿಸಿದೆ.

ನರ್ಸ್ ಬಾಟಲಿಯ ಮುಚ್ಚಳ ತಿರುಗಿಸಿ, ಅದೇ ಚಮಚದಲ್ಲಿ ಮುಕ್ಕಾಲು ಭಾಗ ಜೇನು ತೆಗೆದು ಬಾಯಿಗೆ ಹಾಕಿದರು. ಗಡಿಯಾರ ನೋಡಿಕೊಂಡು ಪಕ್ಕದಲ್ಲೇ ನಿಂತರು. ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿದರು, 84. ನಂಬರ್ ಒಂದೊಂದಾಗಿಯೇ ಕಾಣತೊಡಗಿತು. ಮಗಳು ತಂದ ಇಡ್ಲಿ ತಿಂದೆ.

ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಮಾಡಬೇಕಾದ್ದು ಇಷ್ಟೇ. ಹದಿನೈದು ಗ್ರಾಮಿನಷ್ಟು ಬೇಗ ರಕ್ತಕ್ಕೆ ಸೇರುವ ಸಕ್ಕರೆ, ಹದಿನೈದು ನಿಮಿಷ ಕಾಯುವುದು, ಮತ್ತೆ ನೋಡುವುದು, ಏರದಿದ್ದರೆ ಇನ್ನೊಮ್ಮೆ ಕೊಡುವುದು. ಅದಕ್ಕೆ ಒಂದು ದೊಡ್ಡ ಚಮಚ ಜೇನು ಸರಿಯಾದ ಪದಾರ್ಥ. ಆದರೆ ಎಚ್ಚರ ತಪ್ಪಿದವರ ಬಾಯಿಗೆ ಜೇನಾಗಲಿ ನೀರಾಗಲಿ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಅವರನ್ನು ನೇರ ಆಸ್ಪತ್ರೆಗೇ ಸಾಗಿಸಿ. ಖಾಲಿ ಹೊಟ್ಟೆಯ ಟೆಸ್ಟ್ ಇರುವ ದಿನ ಶುಗರ್ ಮಾತ್ರೆ ಯಾವಾಗ ನುಂಗಬೇಕು ಅಂತ ಹಿಂದಿನ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ನನಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವತ್ತಿನ ಫಾಸ್ಟಿಂಗ್ ಟೆಸ್ಟಂತೂ ಹೋಯಿತು, ಕಟ್ಟಿದ ದುಡ್ಡೂ ವಾಪಸ್ ಬರಲಿಲ್ಲ. ಅಂದಹಾಗೆ ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆ ಬೇಕೇ ಇಲ್ಲ. ಅದೊಂದೇ ಮಾಡಿಸುವುದಿದ್ದರೆ ಊಟ ಮಾಡಿಯೇ ಹೋಗಬಹುದು.

ಡಯಟಿಷಿಯನ್ ನನ್ನ ಮಗಳಿಗಿಂತ ಚಿಕ್ಕವಳು. ಮೂರು ದಿನದ ಪಟ್ಟಿ ಓದಿದಳು. "ಎಲ್ಲಾ ಚೆನ್ನಾಗಿದೆಯಲ್ಲ ಮೇಡಂ, ಹಾಗಾದ್ರೆ 8.3 ಎಲ್ಲಿಂದ ಬಂತು?" ಅಂದಳು. ಆಗ ಮೊದಲ ಸಲ ಜೇನಿನ ವಿಷಯ ಬಾಯಿಬಿಟ್ಟೆ. "ಬಾಟಲಿ ಎಷ್ಟು ದಿನಕ್ಕೆ ಮುಗೀತಿತ್ತು?" ಒಂದು ಕೇಜಿಯದು, ಮೂರು ವಾರ. ಅವಳು ಅಡುಗೆಮನೆ ತಕ್ಕಡಿ ತೆಗೆದು, ಸಣ್ಣ ಬಟ್ಟಲಿಟ್ಟು ಸೊನ್ನೆ ಮಾಡಿ, "ಮನೇಲಿ ಹೆಂಗೆ ಹಾಕ್ತೀರೋ ಹಂಗೇ ಹಾಕಿ" ಅಂದಳು. ಹಾಕಿದೆ. ಜೇನು ಚಮಚದಿಂದ ಬಿಟ್ಟೂ ಬಿಡದೆ ದಾರವಾಗಿ ಇಳಿಯಿತು. ತಕ್ಕಡಿಯಲ್ಲಿ 18, 21, 23, ಕೊನೆಗೆ 24ಕ್ಕೆ ನಿಂತಿತು. ಎರಡು ಚಮಚಕ್ಕೆ 48 ಗ್ರಾಂ. ಜೇನಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಕ್ಕರೆಯೇ, ಉಳಿದದ್ದು ಬಹುಪಾಲು ನೀರು. ಅಂದರೆ ದಿನಾ ಬೆಳಿಗ್ಗೆ ಹತ್ತಿರ ಹತ್ತಿರ 40 ಗ್ರಾಂ ಸಕ್ಕರೆ.

"ಕಾಫಿಗೆ ಮೊದಲು ಎಷ್ಟು ಹಾಕ್ತಿದ್ರಿ?"

ನಾಲ್ಕು ಚಮಚ, 16 ಗ್ರಾಂ. ಹದಿನಾರು ಬಿಟ್ಟು ನಲವತ್ತು ಹಿಡಿದಿದ್ದೆ.

ಕಲಬೆರಕೆಯ ಪ್ರಶ್ನೆ ಕೇಳಿದೆ. "ಇದು ಅಪ್ಪಟ ಜೇನೇ ಇರ್ಬೋದು ಮೇಡಂ, ಅಪ್ಪಟ ಜೇನಲ್ಲೂ ಗ್ಲೂಕೋಸ್, ಫ್ರಕ್ಟೋಸ್ ಇದ್ದೇ ಇರುತ್ತಲ್ಲ" ಅಂದಳು. ಸುಮಾರು 38 ಭಾಗ ಫ್ರಕ್ಟೋಸ್, 31 ಭಾಗ ಗ್ಲೂಕೋಸ್. ಫ್ರಕ್ಟೋಸ್ ಹೆಚ್ಚಿರುವುದರಿಂದ ಸಕ್ಕರೆಗಿಂತ ಕೊಂಚ ನಿಧಾನ ಏರಬಹುದು, ಅಷ್ಟೇ. ಆ ಫ್ರಕ್ಟೋಸ್ ಮೀಟರಿನಲ್ಲಿ ಕಾಣಿಸಿಕೊಳ್ಳದೆ ಲಿವರಿಗೆ ಹೋಗುತ್ತದೆ, ಅತಿಯಾದರೆ ಅಲ್ಲಿ ಕೊಬ್ಬಾಗುತ್ತದೆ. ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕುಟುಕಿತು. ಜೇನು ಸಕ್ಕರೆಗಿಂತ ಭಾರ. ಒಂದು ಟೀ ಚಮಚ ಸಕ್ಕರೆ 4 ಗ್ರಾಂ ತೂಗಿದರೆ, ಅದೇ ಚಮಚದ ಜೇನು 7 ಗ್ರಾಂ, ಅದರಲ್ಲಿ ಸಕ್ಕರೆಯೇ 6 ಗ್ರಾಂ. ಚಮಚಕ್ಕೆ ಚಮಚ ಇಟ್ಟರೆ ಜೇನೇ ಮುಂದು. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಇಪ್ಪತ್ತೆಂಟು ವರ್ಷದಿಂದ ಸಾಂದ್ರತೆ ಪಾಠ ಮಾಡುತ್ತಿರುವವಳು ತಲೆ ತಗ್ಗಿಸಿ ಕೂತೆ.

ಫಿಸಿಷಿಯನ್ ಕಥೆ ಪೂರ್ತಿ ಕೇಳಿ ಮೊದಲು ರಕ್ತಹೀನತೆ ಇದೆಯೇ ನೋಡಿಸಿದರು. ಕಬ್ಬಿಣದ ಅಂಶ ಕಮ್ಮಿಯಿದ್ದರೆ ಎಚ್‌ಬಿಎ1ಸಿ ಸುಮ್ಮನೆ ಹೆಚ್ಚು ತೋರಿಸಬಹುದಂತೆ. ನನಗೆ ಆ ತೊಂದರೆ ಇರಲಿಲ್ಲ. ಗ್ಲಿಮೆಪಿರೈಡ್ ತೆಗೆದು ಮೆಟ್‌ಫಾರ್ಮಿನ್ ಮಾತ್ರ ಉಳಿಸಿದರು. "ಜೇನಿನ ವಿಷಯ ಮಂಡ್ಯದಲ್ಲೇ ಹೇಳಿದ್ರೆ ಈ ಮಾತ್ರೆ ಬರೀತಾನೇ ಇರ್ಲಿಲ್ವೇನೋ" ಅಂದರು, ಬೈಯುವ ದನಿಯಲ್ಲಲ್ಲ. ಇಬ್ಬರ ಫೀಸು ಸೇರಿ 1,100, ಟೆಸ್ಟುಗಳಿಗೆ 900 ಚಿಲ್ಲರೆ. ಮಾತ್ರೆಯನ್ನು ಈಗ ಜನೌಷಧಿ ಕೇಂದ್ರದಲ್ಲಿ ಕೊಳ್ಳುತ್ತೇನೆ, ಅಲ್ಲಿ ತುಂಬ ಅಗ್ಗ. ಮೀಟರಿನ ಸ್ಟ್ರಿಪ್ಪೇ ದುಬಾರಿ, ಒಂದಕ್ಕೆ ಹತ್ತೊಂಬತ್ತು ರೂಪಾಯಿ ಬೀಳುತ್ತದೆ. ಮೊದಮೊದಲು ದಿನಕ್ಕೆ ನಾಲ್ಕು ಸಲ ಚುಚ್ಚಿ ಕಳೆದೆ, ಈಗ ವಾರಕ್ಕೆ ಮೂರು ಸಾಕು ಅಂದಿದ್ದಾರೆ.

ಅವತ್ತು ಮಧ್ಯಾಹ್ನ ಮಗಳ ಮನೆಗೆ ಹೋದಾಗ ಬಾಟಲಿ ನೋಡಿ ಬೀಗಿತ್ತಿ, "ಮಗೂಗೆ ಒಂಚೂರು ನೆಕ್ಕಿಸೋಣ, ಮಾತು ಬೇಗ ಬರುತ್ತೆ" ಅಂತ ಬೆರಳು ಅದ್ದಿದರು. ಮೊಮ್ಮಗುವಿಗೆ ಐದು ತಿಂಗಳು. ಮಗಳು ತಡೆದಳು, ಅವರಿಗೆ ಬೇಸರವಾಯಿತು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ, ಬೊಟುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಎಳೆಗರುಳಿನಲ್ಲಿ ಬೆಳೆದು ಮಗುವಿನ ಜೀವಕ್ಕೇ ಅಪಾಯ ತರಬಹುದು. ಶುಗರ್‌ಗೆ ಸಂಬಂಧವಿಲ್ಲದ ಮಾತು, ಆದರೆ ನಮ್ಮ ಕಡೆ ಈ ಪದ್ಧತಿ ಇನ್ನೂ ಇರುವುದರಿಂದ ಬರೆದೆ.

ಮುಂದಿನ ಮೂರು ತಿಂಗಳಲ್ಲಿ ವಿಶೇಷ ಏನೂ ಇಲ್ಲ. ಮುದ್ದೆ ಚಿಕ್ಕದಾಯಿತು, ಸೊಪ್ಪಿನ ಸಾರು ಜಾಸ್ತಿಯಾಯಿತು, ನಡಿಗೆ ಮತ್ತೆ ಶುರುವಾಯಿತು. ಜೇನು ಪೂರ್ತಿ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ರೊಟ್ಟಿಯ ಜೊತೆ ಒಂದು ಟೀ ಚಮಚ, ತೂಕ ಮಾಡಿಯೇ ಏಳು ಗ್ರಾಂ. ಅವತ್ತು ಕಾಲು ರೊಟ್ಟಿ ಕಮ್ಮಿ. ಇದು ನನ್ನ ಮೈಗೆ ನನ್ನ ಡಯಟಿಷಿಯನ್ ಹಾಕಿಕೊಟ್ಟ ಲೆಕ್ಕ. ನಿಮ್ಮ ಶುಗರ್ ಇನ್ನೂ ಏರುಪೇರಾಗಿದ್ದರೆ ಅದನ್ನೂ ಬೇಡ ಅನ್ನಬಹುದು, ನಿಮ್ಮವರನ್ನೇ ಕೇಳಿ. ಕೇಳುವಾಗ ಕಷಾಯ, ಲೇಹ್ಯ, ಅತ್ತಿಗೆ ಕೊಟ್ಟದ್ದು, ಎಲ್ಲವನ್ನೂ ಹೇಳಿ. ಶುಗರ್ ಇಳಿದುಬಿಟ್ಟೀತು ಅನ್ನುವ ಭಯಕ್ಕೆ ಕೈಚೀಲದಲ್ಲಿ ಸ್ವಲ್ಪ ದಿನ ಜೇನಿನ ಪುಟ್ಟ ಶೀಷೆ ಇಟ್ಟುಕೊಂಡೆ. ಅದು ಸೋರಿ ಹಾಜರಿ ಪುಸ್ತಕಕ್ಕೆ ಇರುವೆ ಮುತ್ತಿದ ಮೇಲೆ ಗ್ಲೂಕೋಸ್ ಪುಡಿಯ ಪೊಟ್ಟಣಕ್ಕೆ ಬದಲಾಯಿಸಿದೆ.

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ಈ ಸಲ ಜೇನು ಇಳಿಸೋ ಹೊತ್ತಿಗೆ ನಾಲ್ಕು ಬಾಟಲಿಗೆ ಹೇಳಿಡುತ್ತಾರಂತೆ. ಒಂದು ಸಾಕು ಅತ್ತಿಗೆ, ವರ್ಷಕ್ಕೆ ಬರುತ್ತೆ ಅಂದೆ. ನಂಬಲಿಲ್ಲ. ಆ ಹಳೇ ಚಮಚ ಈಗ ಮಾವಿನಕಾಯಿ ಉಪ್ಪಿನಕಾಯಿ ಜಾಡಿಯಲ್ಲಿದೆ. ಮುಂದಿನ ಸಲ ಬಿ.ಪಿ. ನೋಡುವಾಗ ಅದನ್ನೂ ತನ್ನಿ ಅಂದಾರೋ ಏನೋ.